ಚೆಕ್ ಎಂಜಿನ್ ದೀಪ ಹತ್ತಿತೇ? ಮೊದಲು ಪೆಟ್ರೋಲ್ ಮುಚ್ಚಳ ನೋಡಿ

ಮಳೆ ಹಿಡಿದು ನಾಲ್ಕೈದು ದಿನ ತೋಟದ ಶೆಡ್ಡಿನಲ್ಲೇ ನಿಂತಿದ್ದ ಕಾರನ್ನು ತೆಗೆದು ಮಡಿಕೇರಿಗೆ ಹೊರಟಿರುತ್ತೀರಿ. ಎಳೆತ ಸರಿಯಿದೆ, ಸದ್ದೂ ಇಲ್ಲ. ಮೀಟರಿನಲ್ಲಿ ಮಾತ್ರ ಎಂಜಿನ್ ಗುರುತಿನ ಹಳದಿ ದೀಪ. ದೋಷದ ಕೋಡ್ ಓದುವ ಸ್ಕ್ಯಾನರ್ ಸಿಕ್ಕಿಸಿದರೆ ಪಿ0455 ಎಂಬ ಕೋಡ್ ತೋರಿಸುತ್ತದೆ. ಗಾಬರಿ ಬೇಡ. ಪೆಟ್ರೋಲ್ ಆವಿ ಎಲ್ಲೋ ಸೋರುತ್ತಿದೆ ಎಂದಷ್ಟೇ ಅದರ ಅರ್ಥ.

ಟ್ಯಾಂಕಿನಲ್ಲಿ ಏಳುವ ಆವಿಯನ್ನು ಕ್ಯಾನಿಸ್ಟರ್ ಎಂಬ ಇದ್ದಿಲು ತುಂಬಿದ ಡಬ್ಬಿ ಹಿಡಿದಿಡುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನಿಗೇ ಉರಿಸಲು ಕೊಡುತ್ತದೆ. ಪಿ0455 ದೊಡ್ಡ ಸೋರಿಕೆ. ಪಿ0442 ಎಂದರೆ ಸುಮಾರು 1 ಮಿ.ಮೀ. ತೂತಿನಷ್ಟು, ಪಿ0456 ಅದರ ಅರ್ಧದಷ್ಟು. ಪಿ0441 ಬಂದರೆ ಪರ್ಜ್ ವಾಲ್ವಿನ ಮೂಲಕ ಆವಿ ಹರಿಯುವುದರಲ್ಲಿ ದೋಷ.

ಮೊದಲು ಟ್ಯಾಂಕಿನ ಮುಚ್ಚಳ. ಬಿಚ್ಚಿ, ರಬ್ಬರ್ ಉಂಗುರವನ್ನು ಬಟ್ಟೆಯಿಂದ ಒರೆಸಿ, ಸ್ವಲ್ಪ ಬಾಗಿಸಿ ಬೆಳಕಿಗೆ ಹಿಡಿಯಿರಿ. ನಮ್ಮ ಕಾರಿನ ಉಂಗುರದಲ್ಲಿ ಕೂದಲೆಳೆಯಂಥ ಬಿರುಕಿತ್ತು, ಬಾಗಿಸಿದಾಗಷ್ಟೇ ಬಾಯಿ ಬಿಡುತ್ತಿತ್ತು. ಟ್ಯಾಂಕಿನ ಬಾಯಿಯ ಅಂಚಿಗೆ ಅಂಟಿದ ಕೆಸರನ್ನೂ ಒರೆಸಿ, ಟಕ್ ಎನ್ನುವವರೆಗೆ ತಿರುಗಿಸಿ. ಕೋಡ್ ಅಳಿಸಿದ ಮೇಲೆ ಒಂದೇ ಓಟಕ್ಕೆ ತೀರ್ಮಾನಕ್ಕೆ ಬರಬೇಡಿ. ಟ್ಯಾಂಕ್ ಪೂರ್ತಿ ತುಂಬಿದ್ದರೆ ಅಥವಾ ಖಾಲಿಯಾಗುತ್ತಿದ್ದರೆ ಹೆಚ್ಚಿನ ಕಾರುಗಳು ಆವಿ ಸೋರುತ್ತಿದೆಯೇ ಎಂದು ತಾವೇ ನೋಡಿಕೊಳ್ಳುವ ಪರೀಕ್ಷೆಯನ್ನೇ ನಡೆಸುವುದಿಲ್ಲ. ಅರ್ಧ ಟ್ಯಾಂಕ್ ಇಟ್ಟುಕೊಂಡು, ರಾತ್ರಿಯಿಡೀ ತಣ್ಣಗಾದ ಕಾರನ್ನು ಬೆಳಿಗ್ಗೆ ಓಡಿಸಿ, ಹೀಗೇ ಕೆಲವು ದಿನ ನೋಡಿ.

ದೀಪ ಮತ್ತೆ ಬಂದರೆ ಬಾನೆಟ್ ಎತ್ತಿ. ತೋಟದ ಶೆಡ್ಡಿನಲ್ಲಿ ಇಲಿಯ ಕಾಟ ಎಷ್ಟೆಂದು ಹೇಳಬೇಕಿಲ್ಲ. ಪರ್ಜ್ ವಾಲ್ವಿನಿಂದ ಹೊರಡುವ ತೆಳು ಪೈಪುಗಳ ಮೇಲೆ ಬೆರಳಾಡಿಸುತ್ತಾ ಹೋಗಿ. ಕಡಿದ ಗುರುತು, ಕೆಳಗೆ ಬಿದ್ದ ರಬ್ಬರ್ ಚೂರು ಸಿಕ್ಕರೆ ಕಾರಣ ಅಲ್ಲೇ ಇದೆ. ಕ್ಯಾನಿಸ್ಟರಿನ ಗಾಳಿ ಪೈಪಿನೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಲೂಬಹುದು. ಬಂಕಿನಲ್ಲಿ ಪೆಟ್ರೋಲ್ ತುಂಬಿಸುವಾಗ ಗನ್ ಮತ್ತೆ ಮತ್ತೆ ಕಟ್ ಆಗುತ್ತಿದ್ದರೆ ಈ ದಾರಿ ಕಟ್ಟಿಕೊಂಡಿದೆಯೇ ನೋಡಿ.

ಇನ್ನು ಪರ್ಜ್ ವಾಲ್ವ್. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ವಾಲ್ವನ್ನು ಬಿಚ್ಚಿ, ಶುದ್ಧವಾದ ತುಂಡು ಪೈಪ್ ಸಿಕ್ಕಿಸಿ ಊದಿ. ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು. ದಾಟಿದರೆ ವಾಲ್ವ್ ಹೋಗಿದೆ. ವಾಲ್ವಿನಿಂದ ಕಪ್ಪು ಪುಡಿ ಉದುರಿದರೆ ಕ್ಯಾನಿಸ್ಟರ್ ಒಳಗೇ ಒಡೆದಿದೆ, ಎರಡನ್ನೂ ಬದಲಿಸಬೇಕು. ಗನ್ ಕಟ್ ಆದ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಪೆಟ್ರೋಲ್ ಇದ್ದಿಲಿಗೇ ನುಗ್ಗಿ ಕ್ಯಾನಿಸ್ಟರ್ ಕೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕೆಲಸಗಳನ್ನು ಗಾಳಿಯಾಡುವ ಕಡೆ ಮಾಡಿ. ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು.

ಇಷ್ಟಾದರೂ ಸಿಗದಿದ್ದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ. ಕಡಿಮೆ ಒತ್ತಡದಲ್ಲಿ ಹೊಗೆ ಬಿಟ್ಟರೆ ಸೋರುವ ಜಾಗದಲ್ಲಿ ಅದು ಹೊರಬರುತ್ತದೆ. ಹೊಸ ಕ್ಯಾನಿಸ್ಟರ್ ಹಾಕಲು ಒಪ್ಪುವ ಮುನ್ನ ಆ ಹೊಗೆ ಎಲ್ಲಿಂದ ಬರುತ್ತಿದೆಯೆಂದು ಪಕ್ಕದಲ್ಲೇ ನಿಂತು ನೋಡಿ.