‘ನಾನು ಉಳಿದ ಹುಡುಗೀರ ಥರ ಅಲ್ಲ’ ಎನ್ನುವವರ ಜೊತೆ ಕೆಲಸ: ನನ್ನ ಅನುಭವ

‘ನಂಗೆ ಹುಡುಗೀರ ಜೊತೆ ಸರಿಹೋಗಲ್ಲ ಮಿಸ್, ಬರೀ ಡ್ರಾಮಾ.’ ‘ಪಿಂಕ್ ಕಂಡ್ರೇ ಆಗಲ್ಲ.’ ‘ನಾನು ಅಡುಗೆಮನೆ ಕಡೆ ತಲೇನೂ ಹಾಕಲ್ಲ.’ ಪ್ರೌಢಶಾಲೆಯ ಹುಡುಗಿಯರ ಜೊತೆ ಕೆಲಸ ಮಾಡುವವರಿಗೆ ಈ ಮಾತುಗಳು ಪ್ರತಿ ತರಗತಿಯಲ್ಲೂ ಸಿಗುತ್ತವೆ, ಅದೂ ಹೆಮ್ಮೆಯ ದನಿಯಲ್ಲಿ. ಇದನ್ನು ಸೊಕ್ಕು ಎಂದು ತಿದ್ದಲು ಹೊರಟರೂ ಕೆಡುತ್ತದೆ, ಧೈರ್ಯ ಎಂದು ಬೆನ್ನು ತಟ್ಟಿದರೂ ಕೆಡುತ್ತದೆ. ಎಂಟರಿಂದ ಹತ್ತನೇ ತರಗತಿಯ ಗುಂಪುಗಳಲ್ಲಿ ನಾನು ಈ ವಿಷಯವನ್ನು ಎತ್ತಿಕೊಳ್ಳುವ ಕ್ರಮ ಇದು.

ಮೊದಲು ಕಾರಣ ತಿಳಿದಿರಬೇಕು. ಹನ್ನೊಂದು, ಹನ್ನೆರಡರ ಹುಡುಗಿ ಮೈನೆರೆದಾಗ ಆರತಿ ಮಾಡಿ, ಹೊಸ ಬಟ್ಟೆ ತೊಡಿಸಿ, ಚಿಗುಳಿ ಕೊಬ್ಬರಿ ತಿನ್ನಿಸುತ್ತಾರೆ. ಮರುವಾರದಿಂದ ಸೈಕಲ್ ನಿಲ್ಲುತ್ತದೆ, ವೇಲ್ ಬರುತ್ತದೆ, ಸಂಜೆಯ ಆಟ ಹೋಗುತ್ತದೆ. ಅದೇ ವಯಸ್ಸಿನಲ್ಲಿ ಅಣ್ಣನ ಓಡಾಟ ಹೆಚ್ಚುತ್ತದೆ. ‘ಇವಳು ನಮ್ಮನೆ ಗಂಡುಮಗ ಇದ್ದಂಗೆ’ ಎನ್ನುವುದು ಅವಳಿಗೆ ಸಿಗುವ ಅತಿ ದೊಡ್ಡ ಹೊಗಳಿಕೆ. ‘ಬಳೆ ತೊಟ್ಕೊಂಡಿದೀಯೇನೋ’ ಎನ್ನುವುದು ಅವಳ ತಮ್ಮನಿಗೆ ಸಿಗುವ ಅತಿ ದೊಡ್ಡ ಬೈಗುಳ. ಎರಡನ್ನೂ ಕೂಡಿಸಿ ನೋಡುವಷ್ಟು ಲೆಕ್ಕ ಅವಳಿಗೆ ಬರುತ್ತದೆ. ಬೆಲೆ ಇರುವ ಕಡೆಗೆ ಅವಳು ಸರಿಯುತ್ತಾಳೆ, ಸರಿಯುವಾಗ ಹಿಂದೆ ಉಳಿದವರನ್ನು ಹೀಗಳೆಯುವುದನ್ನೂ ಕಲಿಯುತ್ತಾಳೆ.

ಕೆಳಗೆ ತಳ್ಳಿಸಿಕೊಂಡ ಗುಂಪಿನವರಿಗೆ ಒಬ್ಬೊಬ್ಬರಾಗಿ ಹೊರಬರುವ ದಾರಿ ಕಂಡರೆ ಗುಂಪನ್ನು ಬದಲಿಸುವುದಕ್ಕಿಂತ ಅದನ್ನು ಬಿಟ್ಟು ಹೋಗಲು ನೋಡುತ್ತಾರೆ ಎಂದು ಸಮಾಜ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ವಿವರಿಸಿದ್ದರು. ನೆದರ್‌ಲೆಂಡ್ಸ್‌ನ ಹಿರಿಯ ಮಹಿಳಾ ಪೊಲೀಸರ ಬಗ್ಗೆ ಮನೋವಿಜ್ಞಾನಿ ಬೆಲ್ಲೆ ಡರ್ಕ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು. ತಮಗಾದ ತಾರತಮ್ಯವನ್ನು ನೆನಪಿಸಿದಾಗ, ಹೆಣ್ಣುಗಳ ಗುಂಪಿನೊಂದಿಗೆ ನಂಟು ತೆಳುವಾಗಿದ್ದವರು ಇತರ ಹೆಂಗಸರಿಂದ ಇನ್ನಷ್ಟು ದೂರ ಸರಿದರು, ತಾರತಮ್ಯವೇ ಇಲ್ಲ ಎಂದರು. ನಂಟು ಗಟ್ಟಿಯಾಗಿದ್ದವರಲ್ಲಿ ಇತರ ಹೆಂಗಸರಿಗೆ ನೆರವಾಗುವ ಹುಮ್ಮಸ್ಸು ಹೆಚ್ಚಿತು. ‘ಹೆಣ್ಣಿಗೆ ಹೆಣ್ಣೇ ಶತ್ರು’ ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ. ಅದು ಹೆಣ್ಣಿನ ಸ್ವಭಾವವಲ್ಲ, ಅವಳಿರುವ ಜಾಗ ಅವಳಿಂದ ಮಾಡಿಸುವ ಕೆಲಸ. ತಾರತಮ್ಯದ ಪಟ್ಟಿಯನ್ನಷ್ಟೇ ಓದಿ ಹೇಳಿ ಬಂದರೆ ದೂರ ನಿಂತ ಹುಡುಗಿ ಇನ್ನೂ ದೂರ ಹೋಗುತ್ತಾಳೆ ಎಂಬ ಎಚ್ಚರವೂ ಇದರಲ್ಲಿದೆ. ನಂಟು ಮೊದಲು, ಪಟ್ಟಿ ಆಮೇಲೆ.

ಗುಂಪು 20ರಿಂದ 25 ಜನರದ್ದಿರಲಿ. 80 ನಿಮಿಷದ, ಅಂದರೆ ಎರಡು ಪೀರಿಯಡ್‌ನ, ಐದು ಭೇಟಿ ಬೇಕು, ನಡುವೆ ಒಂದೊಂದು ವಾರ ಬಿಟ್ಟು. ಬೆಂಚು ಸರಿಸಿ ನೆಲದ ಮೇಲೆ ವೃತ್ತವಾಗಿ ಕೂರಿಸಿ. ಮುಖ್ಯೋಪಾಧ್ಯಾಯರಿಗೆ ಐದೂ ಭೇಟಿಗಳ ವಿವರವನ್ನು ಬರಹದಲ್ಲಿ ಕೊಟ್ಟು ಒಪ್ಪಿಗೆ ಪಡೆಯಿರಿ. ಕ್ಲಾಸ್ ಟೀಚರ್ ಪಕ್ಕದ ಕೋಣೆಯಲ್ಲಿರಲಿ, ಒಳಗೆ ಬೇಡ. ಸಾಮಾನು ಹೆಚ್ಚೇನಿಲ್ಲ: ಆರು ಬ್ರೌನ್ ಶೀಟ್, ತಲೆಗೆ ಹತ್ತರಂತೆ ಚೀಟಿ, ಒಂದು ಚಪ್ಪಲಿ ಡಬ್ಬ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ಬಣ್ಣ ಬೇರೆಯಾದರೆ ಚೀಟಿ ಯಾರದ್ದೆಂದು ಗೊತ್ತಾಗಿಬಿಡುತ್ತದೆ. ಬರೆಯಲು ಏನೂ ಇಲ್ಲದವರೂ ಮೂರು ಸಾಲು ಏನಾದರೂ ಗೀಚಬೇಕು. ಇಲ್ಲವಾದರೆ ಯಾರ ಕೈ ಆಡುತ್ತಿದೆ, ಯಾರದ್ದು ಇಲ್ಲ ಎಂಬುದೇ ಸುದ್ದಿಯಾಗುತ್ತದೆ. ಚೀಟಿಯನ್ನು ನಾನೇ ಓದುತ್ತೇನೆ, ಕೈಯಿಂದ ಕೈಗೆ ದಾಟಿಸುವುದಿಲ್ಲ.

ಮೊದಲ ಭೇಟಿಯಲ್ಲಿ ವ್ಯಾಖ್ಯಾನ ಬೇಡ. ಹುಡುಗಿಗೆ ಹೇಳುವ ಹೊಗಳಿಕೆ, ಹುಡುಗಿಗೆ ಹೇಳುವ ಬೈಗುಳ, ಹುಡುಗನಿಗೆ ಹೇಳುವ ಬೈಗುಳ, ಒಂದೊಂದಕ್ಕೆ ಒಂದು ಚೀಟಿ. ಗಂಡುಬೀರಿ, ಬಜಾರಿ, ವಯ್ಯಾರಿ ಎಲ್ಲವೂ ಹೊರಬರುತ್ತವೆ. ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ’, ‘ಎರಡು ಜುಟ್ಟು ಸೇರಬಹುದು, ಎರಡು ಜಡೆ ಸೇರಲ್ಲ’ ಎನ್ನುವ ಗಾದೆಗಳೂ ಬರುತ್ತವೆ. ಚೀಟಿಗಳನ್ನು ನೆಲದ ಮೇಲೆ ಜೋಡಿಸಿ ಸುಮ್ಮನಿರಿ. ನೀವು ವಿವರಿಸಲು ಹೊರಟರೆ ಅವರು ನೋಡುವುದನ್ನು ನಿಲ್ಲಿಸುತ್ತಾರೆ.

ಎರಡನೇ ಭೇಟಿಯೇ ತಿರುವು. ಬ್ರೌನ್ ಶೀಟಿನಲ್ಲಿ ಮೂರು ಅಂಕಣ: ಕೆಲಸ, ಅದಕ್ಕೆ ಸಿಗುವ ಬೆಲೆ, ಬೆಲೆ ಕಟ್ಟಿದವರು. ಮನೆಯ ಅಡುಗೆಗೆ ಸೊನ್ನೆ, ಅದೇ ಸಾರನ್ನು ಮದುವೆಮನೆಯಲ್ಲಿ ಮಾಡುವ ಭಟ್ಟರಿಗೆ ಸಂಬಳ, ಶಾಲು. ಅಮ್ಮ ಹೊಲಿದ ಅಂಚಿಗೆ ಹೆಸರಿಲ್ಲ, ಪೇಟೆಯ ಟೈಲರ್‌ಗೆ ಬೋರ್ಡಿದೆ. ನಲ್ಲಿಯ ಹತ್ತಿರ ನಾಲ್ವರು ಹೆಂಗಸರು ಊರ ಸುದ್ದಿ ಮಾತಾಡಿದರೆ ಹರಟೆ, ಅರಳಿಕಟ್ಟೆಯ ಮೇಲೆ ನಾಲ್ವರು ಗಂಡಸರು ಅದನ್ನೇ ಮಾತಾಡಿದರೆ ರಾಜಕೀಯ. ಕೆಲಸ ಅದೇ, ಬೆಲೆ ಮಾತ್ರ ಬೇರೆ ಎಂದು ಹುಡುಗಿಯರೇ ಹೇಳುವವರೆಗೆ ಕಾಯಬೇಕು. ‘ಹುಡುಗೀರೆಲ್ಲ ಬರೀ ಗಾಸಿಪ್’ ಎಂದವಳನ್ನು ಗದರುವ ಅಗತ್ಯ ಇಲ್ಲಿ ಬೀಳುವುದಿಲ್ಲ. ‘ಯಾವ ಹುಡುಗಿ? ಯಾವತ್ತು? ಹುಡುಗರು ಅದನ್ನೇ ಮಾಡಿದರೆ ಏನಂತೀವಿ?’ ಎಂದು ಕೇಳಿದರೆ ಸಾಕು.

ಮೂರನೆಯದು ವೇಳಾಪಟ್ಟಿ. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಅರ್ಧರ್ಧ ಗಂಟೆಗೆ ಒಂದರಂತೆ 34 ಸಾಲು. ಮನೆಯ ಒಬ್ಬ ಹೆಂಗಸು, ಒಬ್ಬ ಗಂಡಸು ಏನು ಮಾಡಿದರೆಂದು ಭಾನುವಾರ ನೋಡಿ ಬರೆದು ತರಬೇಕು. ‘ಅಪ್ಪ, ಅಮ್ಮ’ ಎಂದು ಹೇಳಬೇಡಿ. ತಂದೆಯಿಲ್ಲದ, ತಾಯಿಯಿಲ್ಲದ ಮಕ್ಕಳು ಇರುತ್ತಾರೆ. ಪಕ್ಕದ ಮನೆಯವರ ಬಗ್ಗೆ ಬರೆದರೂ ನಡೆಯುತ್ತದೆ. ಮೊದಲ ಸಲ ತಂದ ಹಾಳೆಗಳಲ್ಲಿ ‘ಟಿವಿ ನೋಡುತ್ತಿದ್ದಳು’, ‘ಸುಮ್ಮನೆ ಕೂತಿದ್ದಳು’ ಎಂದೇ ತುಂಬಿರುತ್ತದೆ. ಅದಕ್ಕೇ ‘ಆಗ ಕೈ ಏನು ಮಾಡುತ್ತಿತ್ತು?’ ಎಂಬ ಇನ್ನೊಂದು ಅಂಕಣ ಬೇಕು. ಆಗ ಟಿವಿ ಮುಂದೆ ಬಿಡಿಸುತ್ತಿದ್ದ ಅವರೆಕಾಯಿ, ಮಡಿಸುತ್ತಿದ್ದ ಬಟ್ಟೆ ಕಾಣಿಸುತ್ತವೆ. ಆಮೇಲೆ ದೇಶದ ಅಂಕಿ ಕೊಡಿ: 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಟ್ಟಿದ್ದರು. ಹೆಣ್ತನದ ಬಗೆಗಿನ ತಿರಸ್ಕಾರವನ್ನು ಕೆದಕುತ್ತಾ ಹೋದರೆ ತಳದಲ್ಲಿ ಸಿಗುವುದು ಸಾಮಾನ್ಯವಾಗಿ ಬಳೆಯಲ್ಲ, ಪಿಂಕೂ ಅಲ್ಲ, ‘ನಾನೂ ಅಮ್ಮನ ಥರ ಆಗ್ಬಿಡ್ತೀನೇನೋ’ ಎಂಬ ಭಯ. ಈ ಭೇಟಿಗೆ ಸಮಯ ಮೀರಿದರೂ ಅವಸರ ಮಾಡಬೇಡಿ.

ನಾಲ್ಕನೆಯದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಏಳು ಕಾರಣ ಕೊಟ್ಟು ಕೇಳುತ್ತಾರೆ. 2019–21ರ ಸುತ್ತಿನಲ್ಲಿ ಕರ್ನಾಟಕದ ಶೇ 77ರಷ್ಟು ಹೆಂಗಸರು, ಶೇ 82ರಷ್ಟು ಗಂಡಸರು ಒಂದು ಕಾರಣಕ್ಕಾದರೂ ಸರಿ ಎಂದಿದ್ದರು. ಹೇಳದೆ ಹೊರಗೆ ಹೋದದ್ದು, ಅಡುಗೆ ಕೆಟ್ಟದ್ದು, ಎದುರು ಮಾತಾಡಿದ್ದು, ಅತ್ತೆ ಮಾವನಿಗೆ ಗೌರವ ಕೊಡದ್ದು, ಈ ನಾಲ್ಕನ್ನು ಮಾತ್ರ ಬಳಸುತ್ತೇನೆ. ಕೈ ಎತ್ತಿಸಬಾರದು, ಒಬ್ಬಳ ಕೈ ನೋಡಿ ಉಳಿದ ಕೈಗಳು ಏಳುತ್ತವೆ. ಚೀಟಿಯಲ್ಲೇ ಹೌದು, ಅಲ್ಲ. ಈ ದಿನ ಮನೆಯ ಏಟುಗಳ ಮಾತು ಬಂದೇ ಬರುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ಒಂದು ವಿಷಯ ಸ್ಪಷ್ಟಪಡಿಸಿರಬೇಕು: ಇಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ, ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದು ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ಮಹಿಳಾ ಸಹಾಯವಾಣಿ 181 ಐದೂ ದಿನ ಬೋರ್ಡಿನ ಮೂಲೆಯಲ್ಲಿರಲಿ.

ಕೊನೆಯ ಭೇಟಿಯಲ್ಲಿ ಎರಡು ಪಟ್ಟಿ: ನನಗೆ ನಿಜವಾಗಿ ಇಷ್ಟವಿಲ್ಲದ್ದು, ‘ಹುಡುಗಿ ಥರ’ ಅನ್ನಿಸಿಕೊಳ್ಳಬಾರದೆಂದು ಬಿಟ್ಟದ್ದು. ಬೇರ್ಪಡಿಸಲು ಒಂದೇ ಪ್ರಶ್ನೆ: ಯಾರೂ ನೋಡದಿದ್ದರೆ, ಯಾರೂ ನಗದಿದ್ದರೆ ಮಾಡುತ್ತಿದ್ದೆಯಾ? ಭರತನಾಟ್ಯ, ಹೂವು, ಅತ್ತು ಹಗುರಾಗುವುದು, ಗೆಳತಿಯ ಕೈ ಹಿಡಿದು ನಡೆಯುವುದು ಎರಡನೇ ಪಟ್ಟಿಗೆ ಬರುತ್ತವೆ. ಮೊದಲ ಪಟ್ಟಿಯಲ್ಲಿ ಏನೇ ಇರಲಿ, ಅದರ ತಂಟೆಗೆ ಹೋಗಬಾರದು. ಜಡೆ ಬೇಡ ಎಂದವಳಿಗೆ ಜಡೆ ಬೇಡ, ಅಷ್ಟೆ. ಕತ್ತರಿಸಿದ ಕೂದಲು, ದೊಗಳೆ ಅಂಗಿ ಬಸ್ಸಿನ ಕಿರುಕುಳದಿಂದ ಕಾಪಾಡಿಕೊಳ್ಳುವ ಉಪಾಯವೂ ಆಗಿರಬಹುದು. ಇನ್ನು ‘ನಾನು ಹುಡುಗಿಯೇ ಅಲ್ಲ’ ಎಂದು ಹೇಳುವ ಮಗುವಿನ ವಿಷಯವೇ ಬೇರೆ. ಅದನ್ನು ಈ ಪಾಠದೊಳಗೆ ತುರುಕಬಾರದು, ಮನೆಗೆ ಸುದ್ದಿ ಮುಟ್ಟಿಸಬಾರದು, ಕೇಳಿಸಿಕೊಳ್ಳಬೇಕು, ಆ ಮಗು ಬಯಸಿದರೆ ತಿಳಿದ ಆಪ್ತಸಮಾಲೋಚಕರನ್ನು ತೋರಿಸಬೇಕು.

ಅತಿ ಹೆಚ್ಚು ಕೆಡುವುದು ಹೆಣ್ಣನ್ನು ಹೊಗಳಲು ಹೊರಟಾಗ. ಹೆಣ್ಣು ತಾಯಿ, ದೇವತೆ, ಸಹನಾಮೂರ್ತಿ ಎಂಬ ಭಾಷಣ, ಮಹಿಳಾ ದಿನಕ್ಕೊಂದು ರಂಗೋಲಿ ಸ್ಪರ್ಧೆ. ಹುಡುಗಿ ತಪ್ಪಿಸಿಕೊಂಡು ಬಂದದ್ದೇ ಈ ಪೀಠದಿಂದ. ಹೆಣ್ಣನ್ನು ಪೂಜಿಸುವ ಮನಸ್ಸೂ ಹೀಗಳೆಯುವ ಮನಸ್ಸೂ ಜೊತೆಜೊತೆಯಾಗಿ ಇರುತ್ತವೆ ಎಂದು ಮನೋವಿಜ್ಞಾನಿಗಳಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲೇ ತೋರಿಸಿದ್ದರು. ಎರಡನೇ ತಪ್ಪು, ಗಂಡುಬೀರಿ ಎನಿಸಿಕೊಂಡವಳನ್ನು ಉದಾಹರಣೆಯಾಗಿ ನಿಲ್ಲಿಸುವುದು. ಉಳಿದವರು ‘ಈಗ ಗೊತ್ತಾಯ್ತಾ’ ಎಂದು ಸೇಡು ತೀರಿಸಿಕೊಳ್ಳುತ್ತಾರೆ. ಮೂರನೆಯದು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ: ನಾಜೂಕು ಎಲ್ಲರಿಗೂ ಸಿಗುವ ವಸ್ತುವಲ್ಲ. ರಜೆಯಲ್ಲಿ ಕಳೆ ಕೀಳಲು ಕೂಲಿಗೆ ಹೋಗುವ ಹುಡುಗಿಗೆ ನೇಲ್ ಪಾಲಿಶ್ ಘನತೆಯೇ ಆಗಿರಬಹುದು, ಅದನ್ನು ನೋಡಿ ಮೂಗು ಮುರಿಯುವುದು ಜಾತಿ, ವರ್ಗದ ತಿರಸ್ಕಾರವೂ ಹೌದು. ಹೀಗೆ ಮೂಗು ಮುರಿಯುವವಳ ಮಾತನ್ನು ಅಲ್ಲೇ ತಡೆಯಬೇಕು, ಬಿಡಬಾರದು.

ಐದು ಭೇಟಿ ಮುಗಿದ ಮೇಲೆ ಶಾಲೆಯ ಜೊತೆ ಒಂದು ಮಾತುಕತೆ ಉಳಿದಿರುತ್ತದೆ. ಪಿಟಿ ಪೀರಿಯಡ್‌ನಲ್ಲಿ ಒಂದೇ ವಾಲಿಬಾಲ್ ಇದ್ದರೆ ಅದು ಹುಡುಗರ ಕೈಗೆ ಹೋಗುತ್ತದೆ, ಆಡಲು ಬಯಸುವ ಹುಡುಗಿ ಹುಡುಗರ ಗುಂಪು ಸೇರಬೇಕು, ಸೇರಿ ಅವರಂತೆ ಮಾತಾಡಬೇಕು. ಎರಡನೇ ಚೆಂಡು, ವಾರಕ್ಕೆ ಎರಡು ಪೀರಿಯಡ್ ಹುಡುಗಿಯರಿಗೇ ಬಿಟ್ಟ ಅಂಗಳ, ಕಸ ಗುಡಿಸುವ ಮತ್ತು ಅತಿಥಿಗಳಿಗೆ ಆರತಿ ಹಿಡಿಯುವ ಕೆಲಸಕ್ಕೆ ಹುಡುಗರನ್ನೂ ಸೇರಿಸಿದ ಪಾಳಿಪಟ್ಟಿ, ಬಾಗಿಲಿಗೆ ಚಿಲಕ ಮತ್ತು ಒಳಗೆ ನೀರು ಇರುವ ಶೌಚಾಲಯ. ಇವನ್ನು ಮುಖ್ಯೋಪಾಧ್ಯಾಯರ ಬಳಿ ಬರಹದಲ್ಲಿ ಕೇಳಿ, ಒಂದು ಪ್ರತಿಯನ್ನು ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಕೊಟ್ಟು, ಮುಂದಿನ ಟರ್ಮ್‌ನಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ.