ರೀಲ್ ಹಾಕುವ ಮುಂಚೆ ಆ ಪುಟ್ಟ ನಂಬರ್ ನೋಡಿ

ಅಟ್ಟದ ಮೇಲಿದ್ದ ರೀಲ್ ಕ್ಯಾಮೆರಾ ಇಳಿಸಿ, ಧೂಳು ಒರೆಸಿ, ‘ಇದು ನಡಿತೈತೇನ್ರಿ?’ ಅಂತ ಕೇಳುವ ಹುಡುಗರು ಕೊಪ್ಪಳದಲ್ಲಿ ನನಗೆ ಆಗಾಗ ಸಿಗುತ್ತಾರೆ. ಎಷ್ಟೋ ಕ್ಯಾಮೆರಾ ಚೆನ್ನಾಗಿಯೇ ನಡೆಯುತ್ತವೆ. ಆದರೂ ಮೊದಲ ರೀಲು ಹಾಳಾಗುತ್ತದೆ, ಫಿಲ್ಮ್ ಸ್ಪೀಡ್, ಅಂದರೆ ಫಿಲ್ಮಿಗೆ ಎಷ್ಟು ಬೆಳಕು ಬೇಕು ಅಂತ ಹೇಳುವ ನಂಬರ್, ಹೊಂದಿಸುವುದನ್ನು ಮರೆತಿರುತ್ತಾರೆ.

ರೀಲಿನ ಡಬ್ಬಿ ಮೇಲೆ 100, 200 ಅಥವಾ 400 ಅಂತ ಇರುತ್ತದೆ, ಅದೇ ಸ್ಪೀಡ್. ನಂಬರ್ ಎರಡು ಪಟ್ಟಾದರೆ ಅರ್ಧ ಬೆಳಕು ಸಾಕು. ಹಳೇ ಕ್ಯಾಮೆರಾದಲ್ಲಿ ಎಎಸ್‌ಎ ಅಂತಲೂ ಈಗಿನ ಡಬ್ಬಿಯಲ್ಲಿ ಐಎಸ್‌ಒ ಅಂತಲೂ ಬರೆದಿರುತ್ತದೆ, ಲೆಕ್ಕ ಒಂದೇ. ಪಕ್ಕದಲ್ಲಿ 21°, 24°, 27° ಅಂತ ಕಂಡರೆ ಗಾಬರಿ ಬೇಡ. ಅದು ಜರ್ಮನಿಯ ಡಿಐಎನ್ ಲೆಕ್ಕ, ಇದೇ 100, 200, 400.

ಆನೆಗೊಂದಿಯ ಬಂಡೆಗಳ ಮೇಲೆ ಮಧ್ಯಾಹ್ನದ ಬಿಸಿಲಿಗೆ 100ರ ರೀಲು ಧಾರಾಳವಾಯ್ತು. ಕಿನ್ನಾಳದಲ್ಲಿ ಮನೆಯೊಳಗೆ ಕೂತು ಗೊಂಬೆಗೆ ಬಣ್ಣ ಹಚ್ಚುವವರ ಕೈ ತೆಗೆಯಬೇಕಾದರೆ 400 ತನ್ನಿ.

ಈಗ ಕ್ಯಾಮೆರಾ ಕೈಗೆ ತಗೊಳ್ಳಿ. ನನ್ನದು ಕಾಕಾ ಕೊಟ್ಟ ಒಲಿಂಪಸ್ ಟ್ರಿಪ್ 35. ಇದರಲ್ಲಿ 25ರಿಂದ 400ರವರೆಗೆ ಇದೆ, 800ರ ರೀಲು ತರಬೇಡಿ. ಲೆನ್ಸಿನ ಮುಂತುದಿಯ ಬಳೆ ತಿರುಗಿಸಿದರೆ ಎಎಸ್‌ಎ ಅಂತ ಬರೆದ ಸಣ್ಣ ಕಿಟಕಿಯಲ್ಲಿ ನಂಬರ್ ಬದಲಾಗುತ್ತದೆ. ಅದು ಎಳ್ಳಿನಷ್ಟು ಸಣ್ಣದು, ಬೆಳಕಿಗೆ ಹಿಡಿದೇ ನೋಡಿ. ಬೇರೆ ಕ್ಯಾಮೆರಾಗಳಲ್ಲಿ ಈ ಡಯಲ್ ಮೇಲ್ಭಾಗದಲ್ಲೂ ಇರಬಹುದು.

ಹೊಂದಿಸಿದ್ದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಟ್ರಿಪ್‌ನಲ್ಲಿ ಸುಲಭ ದಾರಿ ಇದೆ. ರೀಲು ಹಾಕದೆ, ಲೆನ್ಸಿನ ಮೇಲೆ ‘ಎ’ ಅಂತ ಗುರುತಿರುವ ಇನ್ನೊಂದು ಬಳೆಯನ್ನು ‘ಎ’ಗೆ ಇಟ್ಟು, ರೀಲು ಮುಂದೂಡುವ ಚಕ್ರ ತಿರುಗಿಸಿ, ಮನೆಯ ಮಬ್ಬು ಮೂಲೆಗೆ ಹಿಡಿಯಿರಿ. ಎಎಸ್‌ಎ 25ಕ್ಕೆ ಇಟ್ಟು ಬಟನ್ ಒತ್ತಿದರೆ, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕೆಂಪು ಪಟ್ಟಿ ಏಳುತ್ತದೆ, ಕ್ಲಿಕ್ ಆಗುವುದಿಲ್ಲ. ಬಾಗಿಲ ಕಡೆ ಸ್ವಲ್ಪ ಸ್ವಲ್ಪ ಸರಿಯುತ್ತಾ ಬನ್ನಿ. ಒಂದು ಜಾಗದಲ್ಲಿ 25ಕ್ಕೆ ಕೆಂಪು ಏಳುತ್ತದೆ, ಅಲ್ಲೇ 400ಕ್ಕೆ ಕ್ಲಿಕ್ ಆಗುತ್ತದೆ. ಹಾಗಾದರೆ ಬೆಳಕು ಅಳೆಯುವ ಮೀಟರ್ ಜೀವಂತ ಇದೆ ಅಂತ. ನಡು ಬಿಸಿಲಲ್ಲೂ ಕೆಂಪೇ ಬಂದರೆ ಲೆನ್ಸಿನ ಸುತ್ತ ಇರುವ, ಮೀಟರ್ ನಡೆಸುವ ಸೆಲೀನಿಯಂ ಸೆಲ್ ಸತ್ತಿರಬಹುದು, ರಿಪೇರಿಯವರಿಗೆ ತೋರಿಸಿ.

ನಾನು ಇದ್ಯಾವುದನ್ನೂ ನೋಡದೆ ಗವಿಮಠದ ಜಾತ್ರೆಗೆ ಹೋಗಿದ್ದೆ. ಒಳಗೆ 100ರ ರೀಲು, ಕಿಟಕಿಯಲ್ಲಿ 400. ಬೇಕಾದ ಬೆಳಕಿನ ಕಾಲುಭಾಗ ಮಾತ್ರ ಫಿಲ್ಮಿಗೆ ಬಿತ್ತು. ತೊಳೆಸಿದಾಗ ನೆಗೆಟಿವ್ ಗಾಜಿನ ಹಾಗೆ ಆಚೆ ಕಾಣುವಷ್ಟು ತಿಳಿಯಾಗಿತ್ತು. ಪ್ರಿಂಟಿನಲ್ಲಿ ತೇರಿಗೆ ಉತ್ತತ್ತಿ ಎಸೆಯಲು ಕೈ ಎತ್ತಿದ್ದ ಅವ್ವನ ಬಳೆಗಳಷ್ಟೇ ಹೊಳೆಯುತ್ತಿದ್ದವು, ಮುಖವೆಲ್ಲ ಕಪ್ಪು. ಆ ಫೋಟೋ ಮತ್ತೆ ಸಿಗಲಿಲ್ಲ. ಅದಕ್ಕೇ ಹೇಳುತ್ತೇನೆ, ಅನುಮಾನ ಬಂದರೆ ಚಿಕ್ಕ ನಂಬರಿಗೇ ಇಡಿ. ನೆಗೆಟಿವ್ ಫಿಲ್ಮ್ ಬೆಳಕು ಜಾಸ್ತಿಯಾದರೆ ತಡೆಯುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ನೆಗೆಟಿವ್ ಬದಲು ನೇರ ಚಿತ್ರವೇ ಬರುವ ಸ್ಲೈಡ್ ಫಿಲ್ಮಿಗೆ ಮಾತ್ರ ಈ ಮಾತು ಅನ್ವಯಿಸಬೇಡಿ.

ನಿಮ್ಮ ಕ್ಯಾಮೆರಾದಲ್ಲಿ ಡಯಲ್ಲೇ ಇಲ್ವಾ? ಹಾಗಾದರೆ ಅದು ಡಿಎಕ್ಸ್ ಕೋಡ್ ಓದುವ ಕ್ಯಾಮೆರಾ ಇರಬಹುದು. 1983ರಲ್ಲಿ ಕೊಡ್ಯಾಕ್ ತಂದ ಪದ್ಧತಿ ಇದು. ರೀಲಿನ ಮೈಮೇಲೆ ಬೆಳ್ಳಿ-ಕಪ್ಪು ಚೌಕಗಳಿರುತ್ತವೆ, ರೀಲು ಕೂರುವ ಗೂಡಿನಲ್ಲಿರುವ ಲೋಹದ ಮೊಳೆಗಳು ಅವನ್ನು ಮುಟ್ಟಿ ಸ್ಪೀಡ್ ತಿಳಿಯುತ್ತವೆ. ಆ ಮೊಳೆಗಳನ್ನು ಒಣ ಬಟ್ಟೆಯಿಂದ ಒರೆಸಿ. ಚೌಕಗಳಿಲ್ಲದ ರೀಲು ಹಾಕಿದರೆ ಇಂಥ ಬಹಳಷ್ಟು ಕ್ಯಾಮೆರಾ 100 ಅಂತಲೇ ತಿಳಿಯುತ್ತವೆ.

ಡಯಲ್ ಇರುವವರು ರೀಲು ಹಾಕಿದ ಕೂಡಲೇ ಕ್ಯಾಮೆರಾ ಬೆನ್ನಿಗೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ ನಂಬರ್ ಬರೆದುಬಿಡಿ. ಪ್ರತಿ ಸಲ ಚೀಲದಿಂದ ತೆಗೆದಾಗ ಟೇಪು, ಕಿಟಕಿ ಎರಡನ್ನೂ ನೋಡಿ, ಬಳೆ ತಾನೇ ತಿರುಗಿರಬಹುದು. ರೀಲು ಮುಗಿದ ಮೇಲೆ ಟೇಪ್ ಕಿತ್ತು, ತೊಳೆಯಲು ಕೊಡುವ ರೀಲಿಗೇ ಸುತ್ತಿ.