ಹುಳಿಯಿಲ್ಲದ ನಿಂಬೆ

ಕಸ್ಟರ್ಡ್‌ಗೆ ನಿಂಬೆಯ ಘಮ ಬರಲಿ ಎಂದು ಬಿಸಿ ಹಾಲಿಗೆ ರಸ ಹಿಂಡಿ, ಒಂದು ಪಾತ್ರೆ ಹಾಲು ಒಡೆದುಹೋಯಿತು. ನಾನು ನಿಂಬೆ ವಾಸನೆಯ ಸೊಪ್ಪುಗಳನ್ನು ಬೆಳೆಸಲು ಹೊರಟಿದ್ದು ಆಮೇಲೆ. ಈ ಎಲೆಗಳಿಗೆ ಆ ಪರಿಮಳ ಬರುವುದು ಮುಖ್ಯವಾಗಿ ಸಿಟ್ರಾಲ್ ಎಂಬ ಅಂಶದಿಂದ. ನಿಂಬೆರಸದಲ್ಲಿರುವ ಹುಳಿ ಇವುಗಳಲ್ಲಿಲ್ಲ, ಹಾಗಾಗಿ ಹಾಲಿಗೆ ಹಾಕಿದರೂ ಒಡೆಯುವ ಭಯವಿಲ್ಲ.

ಮೊದಲು ಬೆಳೆಸಿದ್ದು ನಿಂಬೆಹುಲ್ಲು. ಅಡುಗೆಗೆ ತಂದ ದಂಟುಗಳಲ್ಲಿ ಬುಡ ಗಟ್ಟಿಯಾಗಿದ್ದ ನಾಲ್ಕನ್ನು ಆರಿಸಿ, ಲೋಟದ ನೀರಿನಲ್ಲಿ ಎರಡು ಅಂಗುಲ ಮುಳುಗುವಂತೆ ಇಟ್ಟೆ. ದಿನ ಬಿಟ್ಟು ದಿನ ನೀರು ಬದಲಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಬಿಳಿ ಬೇರು ಇಣುಕಿತು. ಬೇರು ಬೆರಳುದ್ದ ಆದ ಮೇಲೆ ದೊಡ್ಡ ಕುಂಡಕ್ಕೆ ಹಾಕಿದೆ. ಒಳ್ಳೆ ಬಿಸಿಲು ಸಿಕ್ಕರೆ ಇದು ಬೇರೇನೂ ಕೇಳುವುದಿಲ್ಲ. ಎಲೆಯ ಅಂಚು ಮಾತ್ರ ಬ್ಲೇಡಿನಂತೆ ಕೊಯ್ಯುತ್ತದೆ; ದಂಟನ್ನು ಬುಡದಲ್ಲೇ ಹಿಡಿದು ಹೊರಮುಖವಾಗಿ ಬಾಗಿಸಿ ಕೀಳಬೇಕು.

ಲೆಮನ್ ಬಾಮ್ ಪುದೀನದ ಕುಟುಂಬದ್ದು, ಸ್ವಲ್ಪ ನೆರಳಾದರೂ ಸರಿಯೇ. ಹೂ ಬರುವ ಮೊದಲು ತುದಿ ಚಿವುಟುತ್ತಿದ್ದರೆ ಪೊದೆಯಾಗುತ್ತದೆ.

ನನ್ನನ್ನು ಹೆದರಿಸಿದ್ದು ಲೆಮನ್ ವರ್ಬೀನಾ. ಚಳಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಕಿತ್ತೆಸೆಯುವ ಮುನ್ನ ಉಗುರಿನಿಂದ ತೊಗಟೆ ಕೆರೆದು ನೋಡಿದೆ: ಒಳಗೆ ಹಸಿರು! ನೀರು ಕಡಿಮೆ ಮಾಡಿ ಅದರ ಪಾಡಿಗೆ ಬಿಟ್ಟೆ. ಉಳಿದ ಗಿಡಗಳೆಲ್ಲ ಚಿಗುರಿ ಎಷ್ಟೋ ದಿನದ ಮೇಲೆ ಅದೂ ಚಿಗುರಿತು. ಈಗ ಮೂರರಲ್ಲಿ ನನಗೆ ಅದೇ ಹೆಚ್ಚು ಇಷ್ಟ.

ಅಡುಗೆಯಲ್ಲಿ ಮೂರನ್ನೂ ಒಂದೇ ರೀತಿ ಬಳಸಿದರೆ ಕೆಡುತ್ತದೆ. ನಿಂಬೆಹುಲ್ಲು ಕುದಿ ತಡೆಯುತ್ತದೆ. ದಂಟಿನ ಬುಡ ಜಜ್ಜಿ, ಗಂಟು ಹಾಕಿ ಸೂಪಿನಲ್ಲಿ ಬಿಟ್ಟು, ಬಡಿಸುವಾಗ ತೆಗೆಯುತ್ತೇನೆ. ಅದೇ ಧೈರ್ಯದಲ್ಲಿ ಒಮ್ಮೆ ಬಾಮ್ ಎಲೆಯನ್ನು ಹತ್ತು ನಿಮಿಷ ಕುದಿಸಿದೆ. ಘಮವೆಲ್ಲ ಆವಿಯಲ್ಲಿ ಹೋಗಿ ಬೆಂದ ಹುಲ್ಲಿನ ವಾಸನೆ ಉಳಿಯಿತು. ಅದನ್ನು ಈಗ ಒಲೆ ಆರಿಸಿದ ಮೇಲೆ ಕೈಯಲ್ಲಿ ಹರಿದು ಹಾಕುತ್ತೇನೆ. ಒಣಗಿಸಿದರೂ ಅದರ ಪರಿಮಳ ಬಹಳಷ್ಟು ಹೋಗುತ್ತದೆ. ವರ್ಬೀನಾ ಹಾಗಲ್ಲ, ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಘಮಘಮ.

ಇನ್ನು ಆ ಕಸ್ಟರ್ಡ್. ಅರ್ಧ ಲೀಟರ್ ಹಾಲಿಗೆ ಹನ್ನೆರಡು ಹಸಿ ವರ್ಬೀನಾ ಎಲೆ ಕಿವುಚಿ ಹಾಕಿ, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದಂತೆ ಒಲೆ ಆರಿಸಿ ಮುಚ್ಚಿಡುತ್ತೇನೆ. ಇಪ್ಪತ್ತು ನಿಮಿಷ ಬಿಟ್ಟು ಸೋಸಬೇಕು, ಎಲೆ ಒರಟು, ಬಾಯಿಗೆ ಸಿಗಬಾರದು. ಮುಚ್ಚಳ ತೆಗೆದಾಗ ಆಗಷ್ಟೇ ನಿಂಬೆಸಿಪ್ಪೆ ತುರಿದಂತಹ ಪರಿಮಳ, ಹಾಲು ಮಾತ್ರ ಹಾಗೇ ನುಣುಪಾಗಿರುತ್ತದೆ.